ಕತ್ತಿ ಕಡಿ, ಆನಿ ಕಡಿ

ಬರುವ ತಿಂಗಳು ಅಮೇರಿಕಾದಲ್ಲಿ ಚುನಾವಣೆ. ನಿನ್ನೆ ಸಂಜೆ ರೇಡಿಯೋದಲ್ಲಿ ಇಬ್ಬರು ಮಾತಾಡುತ್ತಿದ್ದರು, ಈ ಸಲ ಯಾವ ಪಕ್ಷಕ್ಕೆ ಅನುಕೂಲ, ಯಾವುದಕ್ಕೆ ಕಷ್ಟ ಎಂದು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪಲಿಲ್ಲ. ಜೇವರ್ಗಿಯ ಈ ಮನೆಯಲ್ಲಿ ಕುಳಿತು ಅದನ್ನು ಕೇಳಿ ನನಗೆ ಆಗಬೇಕಾದದ್ದೇನೂ ಇಲ್ಲ. ಆದರೂ ಕೊನೆಯ ತನಕ ಕೇಳಿದೆ. ಮಾಮಾ ಇದ್ದಿದ್ದರೂ ಕೇಳುತ್ತಿರಲಿಲ್ಲ. ಅವರು ಅಮೇರಿಕಾದ ಮಾತು ಬಿಟ್ಟು ಇಪ್ಪತ್ತು ವರ್ಷ. ತೀರಿಕೊಂಡು ನಾಲ್ಕು ತಿಂಗಳು. ಆ ಮಾತು ಬಿಡುವಂತೆ ಮಾಡಿದವರಲ್ಲಿ ನಾನೂ ಒಬ್ಬ. ಅದನ್ನು ಬರೆದಿಡಲು ಕುಳಿತಿದ್ದೇನೆ. ಓದಿ ಯಾರಾದರೂ ಏನಾದರೂ ಅನ್ನಲಿ ಎಂಬ ಆಸೆಯಿಲ್ಲ.

ಮಾಮಾ ಎಂದರೆ ನನ್ನ ಅಕ್ಕನ ಗಂಡ. ಆಳಂದ ತಾಲೂಕಿನ ಒಂದು ದೊಡ್ಡ ಊರಿನಲ್ಲಿ ದನದ ದವಾಖಾನೆಯ ಕಂಪೌಂಡರ್ ಆಗಿದ್ದರು. ನಾಲ್ಕಾರು ಊರಿಗೆ ಡಾಕ್ಟರು ಒಬ್ಬರೇ. ಹೀಗಾಗಿ ಎತ್ತಿಗೆ ಎಣ್ಣೆ ಕುಡಿಸುವುದು, ಎಮ್ಮೆಯ ಹುಣ್ಣಿಗೆ ಮದ್ದು ಹಚ್ಚುವುದು ಎಲ್ಲ ಇವರದೇ ಕೈ. ಓದಿದ್ದು ನಿಜಾಮರ ಕಾಲದಲ್ಲಿ, ಎಂದರೆ ಉರ್ದುವಿನಲ್ಲಿ. ಕನ್ನಡ ಅಕ್ಷರಗಳನ್ನು ಆಮೇಲೆ, ನೌಕರಿ ಸಲುವಾಗಿ ಕಲಿತರು. ಆದ್ದರಿಂದ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಬರೆಯುತ್ತಿದ್ದರು. ನಮ್ಮ ಕಡೆ ಮನೆಗೆ ಮನಿ ಎನ್ನುತ್ತೇವೆ, ಆನೆಗೆ ಆನಿ, ಕಡೆಗೆ ಕಡಿ, ಕತ್ತೆಗೆ ಕತ್ತಿ. ಪುಸ್ತಕದ ಕತ್ತಿಗೆ ನಮ್ಮಲ್ಲಿ ತಲವಾರ ಎಂಬ ಬೇರೆ ಮಾತಿದೆ. ಹೀಗಾಗಿ ನಮ್ಮೊಳಗೆ ಯಾವ ಗೊಂದಲವೂ ಇಲ್ಲ.

ನಾನು ಜೇವರ್ಗಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಕನ್ನಡ ಕಲಿಸುತ್ತಿದ್ದೆ. ಹೆಂಡತಿಯ ತಮ್ಮನನ್ನು ನಮ್ಮಲ್ಲಿ ಅಳಿಯ ಎಂದು ಕರೆಯುತ್ತಾರೆ. ಮಾಮಾ ನನ್ನನ್ನು ‘ಲೇ ಅಳಿಯಾ’ ಎನ್ನದೆ ಮಾತು ಶುರು ಮಾಡಿದ್ದೇ ಇಲ್ಲ. ಆಗಿನ ಮಾತು ಇದು.

ನಾವಿಬ್ಬರೂ ಅಮೇರಿಕಾದ ಚುನಾವಣೆಗೆ ಗಂಟು ಬಿದ್ದದ್ದು ಅಕ್ಕನಿಂದ. ಅವಳ ಮಗಳಿಗೆ ಹೆಸರಿಟ್ಟ ದಿನ ನಮ್ಮ ಅಪ್ಪನಿಗೂ ಮಾಮಾನ ಅಪ್ಪನಿಗೂ ಊಟದ ಪಂಕ್ತಿಯಲ್ಲೇ ಜಗಳ ಹತ್ತಿತ್ತು. ಒಬ್ಬರದು ಹಳೇ ಪಾರ್ಟಿ, ಇನ್ನೊಬ್ಬರದು ಹೊಸ ಪಾರ್ಟಿ. ಹೋಳಿಗೆ ಎಲೆಯ ಮೇಲೆಯೇ ಬಿಟ್ಟು ಎದ್ದು ಹೋದರು. ಆಮೇಲೆ ಇಬ್ಬರೂ ಸಾಯುವ ತನಕ ಒಬ್ಬರ ಮನೆಯ ನೀರು ಇನ್ನೊಬ್ಬರು ಕುಡಿಯಲಿಲ್ಲ. ಅವತ್ತಿನಿಂದ ಅಕ್ಕ ಒಂದು ಕಟ್ಟು ಮಾಡಿದಳು: ‘ನಮ್ಮ ಕಡಿ ಎಲೆಕ್ಷನ್ ಮಾತು ಈ ಮನ್ಯಾಗ ಯಾರೂ ಎತ್ತಬ್ಯಾಡ್ರಿ.’ ಮಾಮಾಗೆ ವಾದ ಮಾಡದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ಹೈದರಾಬಾದಿನಿಂದ ಒಂದು ದಿನ ತಡವಾಗಿ ಬರುವ ಉರ್ದು ಪತ್ರಿಕೆಯಲ್ಲಿ ಅವರು ಒಂದು ಚಿತ್ರ ನೋಡಿದರು. ಅಮೇರಿಕಾದಲ್ಲಿ ಎರಡೇ ಪಾರ್ಟಿ, ಒಂದರ ಗುರುತು ಕತ್ತೆ, ಇನ್ನೊಂದರದು ಆನೆ. ‘ಇದಕ್ಕ ನಿನ್ನ ಅಕ್ಕ ಏನೂ ಅನ್ನಲ್ಲ’ ಎಂದರು. ಅವರು ಕತ್ತೆಯ ಕಡೆ ಹೋದರು. ಉಳಿದದ್ದು ನನಗೆ ಬಂತು.

ಎಪ್ಪತ್ತೆರಡರಲ್ಲಿ ದೀಪಾವಳಿಯೂ ಅವರ ಚುನಾವಣೆಯೂ ಕೂಡಿ ಬಂದವು. ನಾನು ಹಬ್ಬಕ್ಕೆಂದು ಹೋದವನು ದವಾಖಾನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಎದುರಿಗೆ ನಾಲ್ಕೈದು ದನ, ಊರಿನ ಅಗಸ, ಅವನ ಕುಂಟುವ ಕತ್ತೆ.

‘ಲೇ ಅಳಿಯಾ, ಈ ಸಲ ಕತ್ತೀನೇ. ಬರ್ಕೋ.’

‘ಬರೂದಿಲ್ರಿ ಮಾಮಾ. ಆನಿ ಕುಂತದ. ಕುಂತ ಆನೀಗಿ ಎಬ್ಬಸವ್ರು ಯಾರು?’

‘ನೀ ಎಂದರ ಆನೀಗಿ ಎಣ್ಣಿ ಕುಡಿಸಿದಿ? ನಾ ದಿನಾ ಕತ್ತಿ ಕಾಲ ಹಿಡೀತೇನಿ. ಒದಿಯಾಕ ನಿಂತ್ರ ಅದಕ್ಕ ದೊಡ್ಡದು ಸಣ್ಣದು ಇಲ್ಲ.’

ಅಗಸ ತನ್ನ ಕತ್ತೆಯ ಕುತ್ತಿಗೆ ಹಿಡಿದುಕೊಂಡೇ ಕೇಳಿದ, ‘ಯಪ್ಪಾ, ನಂದು ಓಟಿಗಿ ನಿಂತದೇನ್ರಿ?’

‘ಹೂಂ, ಅಮೇರಿಕಾದಾಗ ನಿಂತದ. ಗೆದ್ರ ನಿನಗ ಮಂತ್ರಿ ಮಾಡ್ತಾರ.’

‘ನಾ ಮಂತ್ರಿ ಆದ್ರ ನಿಮ್ಮ ಅರಿವಿ ಯಾರ ಒಗೀತಾರ್ರಿ?’

ಎತ್ತು ತಂದಿದ್ದ ಒಬ್ಬ ಮುದುಕ ಬಹಳ ಗಂಭೀರವಾಗಿ ಕೇಳಿದ, ‘ಕಂಪೌಂಡರ್ ಸಾಹೇಬ್ರ, ಅಲ್ಲಿ ನಮ್ಮ ಮಂದಿ ಯಾ ಕಡಿ ಅದಾರ್ರಿ?’

‘ಅಲ್ಲಿ ನಮ್ಮ ಮಂದಿ ಎಲ್ಲಿಂದ ಬರ್ಬೇಕೋ ಮುತ್ಯಾ?’

‘ಗೌಡ್ರರ ಇರ್ಬೇಕಲ್ರಿ.’

‘ಗೌಡ್ರು ಎಲ್ಲಾ ದೇಶದಾಗೂ ಇರ್ತಾರ. ಅವ್ರು ಆನಿ ಕಡಿ. ರೊಟ್ಟಿ ಬಡಿಯವ್ರು, ಭಾರಾ ಹೊರವ್ರು ಎಲ್ಲಾ ಕತ್ತಿ ಕಡಿ.’

ಹಿಂದಿನ ಮನೆಯಿಂದ ಅಕ್ಕನ ದನಿ ಬಂತು: ‘ದನಾ ಬಿಸಲಾಗ ನಿಂತಾವ. ಇವ್ರಿಬ್ರೂ ಅಮೇರಿಕಾಕ್ಕ ಹೋಗ್ಯಾರ!’

ಆ ಸಲ ಆನೆ ಗೆದ್ದಿತು. ಸಾಧಾರಣವಾಗಿ ಅಲ್ಲ, ಕತ್ತೆ ಎದ್ದು ನಿಲ್ಲದ ಹಾಗೆ. ನಾನು ಅಕ್ಕನಿಂದ ಬೆಲ್ಲ ಇಸಿದುಕೊಂಡು ಮಾಮಾನ ಬಾಯಿಗೇ ಹಾಕಿದೆ. ಬೆಲ್ಲ ಚಪ್ಪರಿಸುತ್ತ ಅವರು ಹೇಳಿದರು, ‘ಆಯ್ತಲೇ. ನಾಕ ವರ್ಷ ಏನ್ ದೂರ ಅದ?’

ಅಲ್ಲಿಂದ ಕಾರ್ಡುಗಳು ಶುರುವಾದವು. ತಿಂಗಳಿಗೆ ಒಂದು, ಕೆಲವು ತಿಂಗಳು ಎರಡು. ಮೊದಲು ಮನೆಯ ಕ್ಷೇಮ ಸಮಾಚಾರ ಎರಡು ಸಾಲು, ಉಳಿದದ್ದೆಲ್ಲ ಅಮೇರಿಕಾ. ನಾನು ಅವರ ಕನ್ನಡ ತಿದ್ದುತ್ತಿದ್ದೆ. ‘ಮಾಮಾ, ಕತ್ತಿ ಎಂದು ಬರೆಯಬಾರದು, ಕತ್ತೆ ಎಂದು ಬರೆಯಬೇಕು’ ಎಂದು ಒಮ್ಮೆ ಕೆಂಪು ಮಸಿಯಲ್ಲಿ ಬರೆದೆ. ಮುಂದಿನ ಕಾರ್ಡಿನಲ್ಲಿ ಉತ್ತರ ಬಂತು: ‘ನಿನ್ನ ಎ ನಿನ್ನ ಹತ್ತರ ಇಟಗೊ. ನಮ್ಮೂರ ಕತ್ತೀಗಿ ಕತ್ತೆ ಅಂದ್ರ ಅದು ತಿರಗಿ ನೋಡಂಗಿಲ್ಲ.’ ಇದನ್ನು ಓದಿ ನಾನೂ ನನ್ನ ಹೆಂಡತಿಯೂ ಎಷ್ಟು ನಕ್ಕಿದ್ದೆವೆಂದರೆ ಪಕ್ಕದ ಮನೆಯವರು ಬಂದು ಏನೆಂದು ಕೇಳಿದ್ದರು.

ನಾನು ಬರೆದ ಕಾರ್ಡುಗಳನ್ನು ಮಾಮಾ ಇಡುತ್ತಿರಲಿಲ್ಲ. ಸುರುಳಿ ಸುತ್ತಿ ದನದ ಔಷಧದ ಬಾಟಲಿಯ ಬಾಯಿಗೆ ತುರುಕುತ್ತಿದ್ದರು. ಮದ್ದಿನ ಜೊತೆ ನನ್ನ ವಾದಗಳೂ ಆಳಂದದ ಹಳ್ಳಿಗಳಲ್ಲಿ ಹಂಚಿ ಹೋದವು. ನನ್ನದು ಮಾಸ್ತರನ ಬುದ್ಧಿ. ಅವರ ಕಾರ್ಡುಗಳನ್ನು ಒಂದೂ ಬಿಡದೆ ಬಾಗಿದ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕಿದ್ದೆ. ಅದಕ್ಕಾಗಿ ಇದನ್ನು ಹೇಳುತ್ತಿದ್ದೇನೆ: ಆ ಮಾತುಗಳಿಗೆ ಸಾಕ್ಷಿ ಎಂಬುದು ಇದ್ದದ್ದು ನನ್ನ ಗೋಡೆಯ ಮೇಲೆ ಮಾತ್ರ.

ಎಪ್ಪತ್ತಾರು ಬಂತು. ಅಷ್ಟರಲ್ಲಿ ದೇಶದಲ್ಲಿ ತುರ್ತು ಪರಿಸ್ಥಿತಿ ಬಂದು ಒಂದು ವರ್ಷ ದಾಟಿತ್ತು. ನಮ್ಮ ಚುನಾವಣೆಯನ್ನು ಮುಂದಕ್ಕೆ ಹಾಕಿದ್ದರು. ಚಹಾದ ಅಂಗಡಿಗಳಲ್ಲಿ ಜನ ಮಳೆಯ ಬಗ್ಗೆ, ತೊಗರಿಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ವಿದೇಶಿಯರ ಕೈವಾಡ, ವಿದೇಶಿಯರ ಪಿತೂರಿ ಎಂಬ ಮಾತು ರೇಡಿಯೋದಲ್ಲಿ ದಿನವೂ ಬರುತ್ತಿತ್ತು. ಮಾಮಾ ಮಾತ್ರ ತಮ್ಮ ಟ್ರಾನ್ಸಿಸ್ಟರ್ ಕಿವಿಗೆ ಹಚ್ಚಿಕೊಂಡು ಅಮೇರಿಕಾದ ಸುದ್ದಿ ಹುಡುಕುತ್ತಿದ್ದರು. ಆ ವರ್ಷ ಪಂಚಮಿಗೆ ಹೋದಾಗ ನಾನು ಹೆದರಿ ಹೇಳಿದೆ, ‘ಮಾಮಾ, ಈಗ ಎಲೆಕ್ಷನ್ ಮಾತು ಬ್ಯಾಡ್ರಿ.’

‘ಹುಚ್ಚ ಅದಿಯೇನಲೇ? ನಮ್ಮ ದೇಶದ್ದು ಆಡಬ್ಯಾಡ ಅಂದಾರ. ಅವ್ರ ದೇಶದ್ದು ಆಡಬ್ಯಾಡ ಅಂತ ಯಾರ ಅಂದಾರ? ಇದು ಕತ್ತಿ ಆನಿ ಆಟ.’

ಅವರಿಗೆ ಅದು ನಿಜವಾಗಿಯೂ ಆಟವೇ ಆಗಿತ್ತು. ಮನೆಯಲ್ಲಿ ಜಗಳ ಬರಬಾರದೆಂದು ಅಷ್ಟು ದೂರದಿಂದ ಆರಿಸಿ ತಂದ ಆಟ.

ಅಕ್ಟೋಬರದಲ್ಲಿ ಅವರು ಬರೆದ ಒಂದು ಕಾರ್ಡು ನನಗೆ ಮುಟ್ಟಲಿಲ್ಲ. ನಡುವೆ ಯಾರ ಕೈಯಲ್ಲಿ ನಿಂತಿತೋ ಇಂದಿಗೂ ತಿಳಿಯದು. ಕಾರ್ಡು ಬಾಯಿ ತೆರೆದ ಕಾಗದ, ಯಾರಾದರೂ ಓದಬಹುದು.

ಒಂದು ಶನಿವಾರ ಮುಂಜಾನೆಯ ಶಾಲೆ ಬಿಡುವ ಹೊತ್ತಿಗೆ ನಮ್ಮ ಹೆಡ್ ಮಾಸ್ತರರು ನನ್ನನ್ನು ಗಿಡದ ಕೆಳಗೆ ಕರೆದರು. ‘ನಿಮ್ಮ ಮಾಮಾನ ಮೊನ್ನಿ ಕರಕೊಂಡ ಹೋಗ್ಯಾರಂತ್ರಿ. ಏನೋ ಕಾಗದ ಬರದಾರಂತ. ನಿಮಗೂ ಕೇಳಾಕ ಬರ್ತಾರ. ಮನ್ಯಾಗ ಏನರ ಇದ್ರ ನೋಡ್ಕೋರಿ.’ ಇಷ್ಟೇ ಹೇಳಿ ಒಳಗೆ ಹೋದರು. ಅವರದು ಒಳ್ಳೆಯ ಮನಸ್ಸೇ.

ಮನೆಗೆ ಬಂದು ತಂತಿಯಿಂದ ಕಾರ್ಡುಗಳನ್ನು ಕಳಚಿದೆ. ಒಂದೊಂದನ್ನೂ ನೋಡಿದೆ. ಯಾವುದರಲ್ಲಿ ನೋಡಿದರೂ ಅಮೇರಿಕಾ, ಅಮೇರಿಕಾ. ‘ಅಮೇರಿಕಾದಾಗ ನಮ್ಮ ಕತ್ತಿ’, ‘ಅಮೇರಿಕಾದ ಮಂದಿ ಏನ್ ಮಾಡ್ತಾರ ನೋಡತಿರು’. ವಿದೇಶದ ಹೆಸರಿರುವ ಕಾಗದ ಮನೆಯಲ್ಲಿದ್ದರೆ ನನ್ನ ನೌಕರಿ ಹೋಗುತ್ತದೆ, ನನ್ನನ್ನೂ ಒಯ್ಯುತ್ತಾರೆ ಎನ್ನಿಸಿತು. ಬಚ್ಚಲ ಒಲೆಯ ಮುಂದೆ ಕುಳಿತು ನಾಲ್ಕು ನಾಲ್ಕು ಚೂರು ಮಾಡಿ ಒಲೆಗೆ ಹಾಕಿದೆ. ಹಂಡೆಯ ನೀರು ಕಾಯುವ ಮೊದಲೇ ಎಲ್ಲ ಮುಗಿಯಿತು. ‘ಏನ್ರಿ ಅವು?’ ಎಂದಳು ಹೆಂಡತಿ. ‘ಹಳೇವು’ ಎಂದೆ.

ಸೋಮವಾರ ಕರೆ ಬಂತು. ಯಾವ ಕಚೇರಿ, ಎಲ್ಲಿ ಎಂದು ಬರೆಯುವುದಿಲ್ಲ. ಅಧಿಕಾರಿ ಹೊಸದಾಗಿ ವರ್ಗವಾಗಿ ಬಂದವರು, ಕೆಳಗಿನ ಮೈಸೂರು ಕಡೆಯವರು. ಕೂಡಲು ಕುರ್ಚಿ ಕೊಟ್ಟರು, ಚಹಾ ತರಿಸಿದರು. ಮೇಜಿನ ಮೇಲೆ ಮಾಮಾನ ಕಾರ್ಡು ಇತ್ತು. ನನ್ನ ಕಡೆ ತಿರುಗಿಸಿ, ‘ಓದಿ ಮೇಷ್ಟ್ರೇ, ಗಟ್ಟಿಯಾಗಿ ಓದಿ’ ಎಂದರು.

ನಾನು ಓದಿದೆ: ‘ಬರು ತಿಂಗಳ ಕತ್ತಿ ಬರ್ತದ. ಆನಿ ಬೀಳ್ತದ. ಹಳ್ಳಿ ಮಂದಿ ಎಲ್ಲಾ ಕತ್ತಿ ಕಡಿ. ನೀನು ಈಗೇ ಕತ್ತಿ ಕಡಿ ಬಾ. ಆಮ್ಯಾಗ ಅತ್ರೂ ಬಿಡಂಗಿಲ್ಲ.’

ಅಮೇರಿಕಾ ಎಂಬ ಒಂದು ಶಬ್ದ ಆ ಕಾರ್ಡಿನಲ್ಲಿ ಇರಲಿಲ್ಲ. ನಾಲ್ಕು ವರ್ಷದ ಮಾತಾಗಿತ್ತು, ಬರೆಯುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ.

‘ಬರೋ ತಿಂಗಳು ಕತ್ತಿ ಬರುತ್ತೆ. ಹಳ್ಳಿ ಜನ ಎಲ್ಲಾ ಕತ್ತಿ, ಕಡಿ. ಯಾರನ್ನ ಕಡಿಯೋಕೆ ಮೇಷ್ಟ್ರೇ? ಆನೆ ಅಂದ್ರೆ ಯಾರು? ಡೆಲ್ಲೀಲಿ ಇರೋರಾ?’

ಬಾಗಿಲ ಬಳಿ ನಿಂತಿದ್ದ ನಮ್ಮ ಕಡೆಯ ಪೇದೆ ತಡೆಯಲಾರದೆ ಹೇಳಿದ, ‘ಸಾಹೇಬ್ರ, ನಮ್ಮ ಕಡಿ ಕತ್ತಿ ಅಂದ್ರ ಕತ್ತೆರಿ. ಅರಿವಿ ಹೊರ್ತದಲ್ರಿ, ಅದು.’

‘ಹಾಗಾದ್ರೆ ಕತ್ತೆ ಯಾರು? ಅದನ್ನಾದ್ರೂ ಹೇಳಿ.’ ಅಧಿಕಾರಿ ನನ್ನ ಕಡೆ ಬಾಗಿದರು. ದನಿ ಮೆತ್ತಗಿತ್ತು. ‘ನೋಡಿ, ನಿಮ್ಮ ಭಾವ ಹೇಳೋದು, ಇದೆಲ್ಲಾ ಅಮೇರಿಕಾ ಎಲೆಕ್ಷನ್ ವಿಷಯ ಅಂತ. ನಾಲ್ಕು ವರ್ಷದಿಂದ ಬರೀತಿದ್ದೀನಿ, ಕಾರ್ಡೆಲ್ಲಾ ನಮ್ಮ ಭಾಮೈದನ ಮನೇಲಿ ತಂತೀಲಿದೆ, ತರಿಸಿ ನೋಡಿ ಅಂತ. ನಿಜವಾಗ್ಲೂ ಇದ್ರೆ ತನ್ನಿ, ಇವತ್ತೇ ಬಿಟ್ಟುಬಿಡ್ತೀನಿ. ಇದ್ಯಾ?’

ನನ್ನ ಕೈಯಲ್ಲಿ ಚಹಾದ ಬಸಿ ಇತ್ತು. ಇದ್ದವು, ಮೊನ್ನೆ ನಾನೇ ಸುಟ್ಟೆ ಎನ್ನಬೇಕಿತ್ತು. ಸುಟ್ಟೆ ಎಂದರೆ ಯಾಕೆ ಸುಟ್ಟೆ ಎಂಬ ಪ್ರಶ್ನೆ ಬರುತ್ತದೆ. ಆಗ ಆ ಕುರ್ಚಿಯಿಂದ ನಾನು ಮನೆಗೆ ಹೋಗುವುದಿಲ್ಲ. ಇಷ್ಟು ಲೆಕ್ಕ ನನ್ನ ತಲೆ ಬಹಳ ಬೇಗ ಹಾಕಿತು.

‘ಇಲ್ರಿ ಸಾಹೇಬ್ರ. ಅಂಥಾವು ಯಾವೂ ಬಂದಿಲ್ರಿ.’

‘ಕತ್ತಿ ಅಂದ್ರೆ?’

‘ನನಗ ಗೊತ್ತಿಲ್ರಿ.’

ಕನ್ನಡ ಮಾಸ್ತರನಾಗಿ ನಾನು ಹಾಗೆ ಹೇಳಿದೆ. ಅವರು ಬರೆದುಕೊಂಡರು. ನಾನು ಕೆಳಗೆ ಸಹಿ ಮಾಡಿದೆ. ಹೊರಗೆ ಬರುವಾಗ ಆ ಪೇದೆ ನನ್ನ ಮುಖ ನೋಡಲಿಲ್ಲ.

ಎರಡು ದಿನ ಬಿಟ್ಟು ಅಕ್ಕ ಬಂದಳು. ಆಳಂದ ಕಡೆಯಿಂದ ಬೆಳಗಿನ ಬಸ್ಸು ಹಿಡಿದು, ಕಲಬುರ್ಗಿಯಲ್ಲಿ ಇಳಿದು, ಮತ್ತೊಂದು ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು. ಕಾಲಿಗೆ ಕೊಟ್ಟ ನೀರನ್ನೂ ತೆಗೆದುಕೊಳ್ಳಲಿಲ್ಲ.

‘ತಮ್ಮಾ, ಕಾರ್ಡ ಕೊಡೋ. ಅವ್ರು ಎಲ್ಲಾ ನಿನ್ನ ಹತ್ತರ ಅದಾವ ಅಂದಾರ. ನಾನೇ ಒಯ್ದು ತೋರಿಸ್ತೇನಿ.’

‘ಇಲ್ಲಕ್ಕಾ. ಗೆದ್ದಲ ತಿಂದ್ವು. ಹ್ವಾದ ಮಳಿಗಾಲದಾಗೇ.’

ಅವಳು ಗೋಡೆಯ ಕಡೆ ನೋಡಿದಳು. ತಂತಿ ಅಲ್ಲೇ ತೂಗುತ್ತಿತ್ತು, ಬರಿದಾಗಿ. ಎದ್ದು ಹೋಗಿ ಅದನ್ನು ಮುಟ್ಟಿದಳು.

‘ಒಂದರ ಉಳದಿಲ್ಲೇನೋ? ಒಂದ ಸಾಕಿತ್ತು.’

‘ಒಂದೂ ಇಲ್ಲಕ್ಕಾ.’

ಅವಳು ನಂಬಿದಳು. ಬೆನ್ನಿಗೆ ಬಿದ್ದ ತಮ್ಮ ಹೇಳುತ್ತಿದ್ದಾನೆ, ಬೇರೆ ಏನು ಮಾಡಿಯಾಳು? ‘ನನ್ನ ಹಣೇಬಾರ’ ಎಂದು ಸೆರಗು ತಲೆಯ ಮೇಲೆ ಎಳೆದುಕೊಂಡು ಮರುಬಸ್ಸಿಗೆ ಹೋದಳು. ನಾನು ಬಸ್ ಸ್ಟ್ಯಾಂಡಿನ ತನಕ ಹೋಗಿ ಕಿಟಕಿಯಲ್ಲಿ ಎರಡು ಬಾಳೆಹಣ್ಣು ಕೊಟ್ಟೆ. ಅದನ್ನು ಇವತ್ತು ನೆನೆಸಿದರೂ ನನ್ನ ಕೈಯ ಮೇಲೆ ನನಗೇ ಅಸಹ್ಯವಾಗುತ್ತದೆ.

ಇದಾದ ಮೇಲೆ ನಡೆದದ್ದನ್ನು ನಾನು ಬಹಳ ದಿನದ ನಂತರ ಕೇಳಿದೆ. ಅವರ ಊರಿನ ಅಗಸ, ಅದೇ ಕುಂಟು ಕತ್ತೆಯವನು, ಯಾರೂ ಹೇಳದೆ ತನ್ನ ಕತ್ತೆಯನ್ನು ಹೊಡೆದುಕೊಂಡು ಆ ಕಚೇರಿಯ ಬಾಗಿಲಿಗೆ ಹೋದನಂತೆ. ‘ಸಾಹೇಬ್ರ, ಕಂಪೌಂಡರ್ ಸಾಹೇಬ್ರು ಬರದಿದ್ದು ಇದ್ರದ್ದೇರಿ. ಇದೇ ಕತ್ತಿ. ನಾಕ ವರ್ಷದ ಹಿಂದ ಇದನ್ನ ಅಮೇರಿಕಾದಾಗ ನಿಲ್ಲಿಸಿದ್ರು, ನನ್ನ ಮುಂದೇ ನಿಲ್ಲಿಸಿದ್ರು’ ಎಂದನಂತೆ. ಒಳಗಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆಮೇಲೆ ಬೈದು ಅಟ್ಟಿದರು. ಇಡೀ ತಾಲೂಕಿನಲ್ಲಿ ಖರೆ ಹೇಳಿದವನು ಅವನೊಬ್ಬ. ಅಕ್ಷರ ಬಾರದವನು.

ನವೆಂಬರದಲ್ಲಿ ಕತ್ತೆ ಗೆದ್ದಿತು. ರೇಡಿಯೋದಲ್ಲಿ ನಾನೇ ಕೇಳಿದೆ. ಮಾಮಾ ಹೇಳಿದಂತೆಯೇ ಆಯಿತು, ಆನೆ ಬಿತ್ತು. ಆ ದಿನ ಮಾಮಾ ಬೇರೆ ಜಿಲ್ಲೆಯ ಜೈಲಿನಲ್ಲಿದ್ದರು. ಅವರಿಗೆ ಯಾರಾದರೂ ಹೇಳಿದರೋ ಇಲ್ಲವೋ, ನಾನು ಕೇಳಲಿಲ್ಲ. ಅದೇ ತಿಂಗಳು ಅವರ ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿಯಿತು.

ಮುಂದಿನ ವರ್ಷ ನಮ್ಮ ದೇಶದ ಚುನಾವಣೆ ಬಂತು. ಒಳಗಿದ್ದವರನ್ನು ಬಿಟ್ಟರು. ಎಲ್ಲ ಕಡೆ ಮತ್ತೆ ಗದ್ದಲ, ಹಳೇ ಪಾರ್ಟಿ ಉಳಿಯುತ್ತದೋ ಹೊಸ ಪಾರ್ಟಿ ಬರುತ್ತದೋ ಎಂದು ಬೇವಿನ ಕಟ್ಟೆಗಳ ಮೇಲೆ ದಿನವಿಡೀ ವಾದ. ನಾನು ಎರಡು ವಾರ ತಡೆದು, ಧೈರ್ಯ ಮಾಡಿ ಅವರ ಊರಿಗೆ ಹೋದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ. ಬೈಯುತ್ತಾರೆ, ಕಾಲಲ್ಲಿದ್ದದ್ದು ಕೈಗೆ ತೆಗೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿದ್ದೆ.

ಮಾಮಾ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು.

‘ಬರ್ರಿ ಮಾಸ್ತರ್ರ. ಕೂಡ್ರಿ. ಬಸ್ಸಿಗಿ ತ್ರಾಸ ಆಯ್ತೇನ್ರಿ?’

ಇಪ್ಪತ್ತಾರು ವರ್ಷದಿಂದ ‘ಲೇ’ ಎಂದವರು. ನನಗಾಗಿ ಕುಂತಲ್ಲಿಂದ ಎದ್ದದ್ದನ್ನು ನಾನು ಕಂಡಿರಲಿಲ್ಲ. ನಮ್ಮ ಕಡೆ ‘ರಿ’ ಎಂಬುದು ಮರ್ಯಾದೆ. ಹೊರಗಿನವರಿಗೆ, ಸಾಹೇಬರಿಗೆ, ದಾರಿ ಕೇಳುವವರಿಗೆ ಕೊಡುವ ಮರ್ಯಾದೆ.

‘ಮಾಮಾ, ಕತ್ತಿ ಗೆದ್ದಿತ್ರಿ’ ಎಂದೆ. ಅಷ್ಟೇ ಹೊಳೆಯಿತು.

‘ಹೌದ್ರಿ?’ ಎಂದರು. ‘ಯಾರ ಬಂದ್ರೂ ಒಳ್ಳೇದೇ ಅದರಿ.’ ಮತ್ತೆ ಬೀಜ ಬಿಡಿಸತೊಡಗಿದರು. ಟ್ರಾನ್ಸಿಸ್ಟರ್ ಕಾಣಲಿಲ್ಲ. ಅಗಸನಿಗೆ ಕೊಟ್ಟೆವು ಎಂದಳು ಅಕ್ಕ.

ಮಾಮಾಗೆ ನೌಕರಿ ತಿರುಗಿ ಸಿಕ್ಕಿತು, ಆದರೆ ಅಫಜಲಪುರದ ಆಚೆ, ಭೀಮಾ ದಂಡೆಯ ಒಂದು ಸಣ್ಣ ಊರಿನಲ್ಲಿ. ನಿವೃತ್ತಿಯಾದ ಮೇಲೆ ಅಫಜಲಪುರದಲ್ಲೇ ಬಾಡಿಗೆ ಮನೆ ಹಿಡಿದರು. ಎಂಬತ್ತರಲ್ಲಿ, ಎಂಬತ್ತನಾಲ್ಕರಲ್ಲಿ, ಎಂಬತ್ತೆಂಟರಲ್ಲಿ ನಾನು ಕಾರ್ಡು ಹಾಕಿದೆ: ‘ಮಾಮಾ, ಈ ಸಲ ಯಾವ ಕಡಿ?’ ಬೇಕೆಂದೇ ಅವರ ಹಾಗೆ, ಬಾಯಿಗೆ ಬಂದಂತೆ ಬರೆದೆ. ಎಂಬತ್ತರಲ್ಲಿ ಉತ್ತರ ಬಂತು: ‘ನಾವು ಎಲ್ಲರು ಅರಾಮ ಅದೇವ್ರಿ. ಮಳಿ ಚಲೊ ಆಗ್ಯದರಿ.’ ಮುಂದಿನ ಎರಡಕ್ಕೆ ಅದೂ ಬರಲಿಲ್ಲ. ಮೂರೂ ಸಲ ಆನೆಯೇ ಗೆದ್ದಿತು. ನನ್ನ ಪಾರ್ಟಿ ಗೆದ್ದದ್ದನ್ನು ಹೇಳಿಕೊಳ್ಳಲು ನನಗೆ ಯಾರೂ ಇರಲಿಲ್ಲ.

ತೊಂಬತ್ತೆರಡರಲ್ಲಿ ಕತ್ತೆ ತಿರುಗಿ ಬಂತು. ಸುದ್ದಿ ಕೇಳಿದ ಮರುದಿನ ಶಾಲೆಗೆ ರಜೆ ಹಾಕಿ ಅಫಜಲಪುರಕ್ಕೆ ಹೊರಟೆ. ಬಸ್ಸಿನ ತುಂಬ ಗಾಣಗಾಪುರಕ್ಕೆ ಹೋಗುವ ಜನ, ಮರಾಠಿ ಮಾತು, ಮಡಿಲಲ್ಲಿ ತೆಂಗಿನಕಾಯಿ. ಅವರೆಲ್ಲ ಏನನ್ನೋ ಬೇಡಿಕೊಳ್ಳಲು ಹೊರಟವರು. ನಾನೂ ಅವರ ಹಾಗೇ ಇದ್ದೆ. ಒಂದು ‘ಲೇ’ ಸಿಕ್ಕರೆ ಸಾಕಿತ್ತು.

ಮಾಮಾ ಬಾಗಿಲ ಬಿಸಿಲಿಗೆ ಕುರ್ಚಿ ಹಾಕಿಕೊಂಡಿದ್ದರು. ಬಹಳ ತೆಳ್ಳಗಾಗಿದ್ದರು.

‘ಮಾಮಾ, ಕತ್ತಿ ಬಂತ್ರಿ! ಹನ್ನೆರಡು ವರ್ಷ ಆದ ಮ್ಯಾಲ ಬಂತು.’

‘ಯಾವ ಕತ್ತಿರಿ?’ ಎಂದರು.

ಮರೆತು ಕೇಳಿದರೋ, ಬೇಕೆಂದು ಕೇಳಿದರೋ ಅವರ ಮುಖದಿಂದ ತಿಳಿಯಲಿಲ್ಲ. ಆ ಅಧಿಕಾರಿ ಕೇಳಿದ್ದೂ ಅದನ್ನೇ, ನಾನು ಗೊತ್ತಿಲ್ಲ ಎಂದದ್ದೂ ಅದಕ್ಕೇ. ಹದಿನಾರು ವರ್ಷ ಬಚ್ಚಿಟ್ಟದ್ದು ಹೊರಗೆ ಬಿತ್ತು.

‘ಮಾಮಾ, ಕಾರ್ಡ ಗೆದ್ದಲ ತಿಂದಿಲ್ರಿ. ನಾನೇ ಸುಟ್ಟೆ. ಅಂಜಿ ಸುಟ್ಟೆ. ಆಮ್ಯಾಗ ಇಲ್ಲ ಅಂತ ಸಹಿ ಮಾಡ್ದೆ.’

ಅವರು ರಸ್ತೆಯ ಕಡೆ ನೋಡಿದರು. ಒಂದು ಕಬ್ಬಿನ ಗಾಡಿ ಹೋಯಿತು.

‘ಹೌದ್ರಿ ಮಾಸ್ತರ್ರ’ ಎಂದರು. ‘ಚಾ ತಗೋರಿ.’

ಒಳಗಿನಿಂದ ಅಕ್ಕ ಚಹಾ ತಂದಿದ್ದಳು. ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದಳೋ ಕಾಣೆ. ಕಪ್ಪನ್ನು ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲೆ ಇಟ್ಟಳು. ಒಳಗೆ ಹೋದವಳು ನಾನು ಹೊರಡುವ ತನಕ ಹೊರಗೆ ಬರಲಿಲ್ಲ. ಬರ್ತೇನಿ ಅಕ್ಕಾ ಎಂದು ಎರಡು ಸಲ ಕೂಗಿದೆ. ಪಾತ್ರೆಗಳ ಸದ್ದು ನಿಂತಿತು, ಅಷ್ಟೇ.

ಆಮೇಲೆ ನಾನು ಹೋಗಲಿಲ್ಲ. ಅವರೂ ಕರೆಯಲಿಲ್ಲ.

ಈ ಜೂನಿನಲ್ಲಿ, ಮಳೆ ಹಿಡಿದ ಒಂದು ಮಧ್ಯಾಹ್ನ, ಟಪಾಲಿನವನು ಬಾಗಿಲಲ್ಲಿ ನಿಂತು ಕಾರ್ಡನ್ನು ಒಳಗೆ ಕೊಡದೆ ಕಟ್ಟೆಯ ಮೇಲಿಟ್ಟ. ಒಂದು ಮೂಲೆ ಹರಿದಿತ್ತು. ಸಾವಿನ ಕಾರ್ಡಿಗೆ ಮೂಲೆ ಹರಿದಿರುತ್ತದೆ. ಅದನ್ನು ಹೊಸ್ತಿಲ ಹೊರಗೇ ಓದಿ, ಹರಿದು ಒಗೆದು, ತಲೆಗೆ ನೀರು ಹಾಕಿಕೊಂಡು ಒಳಗೆ ಬರಬೇಕು. ಸೂತಕವಿಲ್ಲ ಎನ್ನುವ ಶರಣರ ಮನೆತನ ನಮ್ಮದು, ಆದರೂ ಕಾರ್ಡಿನ ಮಟ್ಟಿಗೆ ಎಲ್ಲರೂ ಹೀಗೇ ಮಾಡುತ್ತಾರೆ.

ಅಕ್ಷರ ಅಕ್ಕನದು. ಮಾಮಾನೇ ಅವಳಿಗೆ ಬರೆಯಲು ಕಲಿಸಿದ್ದರು, ತಮ್ಮ ಹಾಗೇ.

‘ಜೇವರ್ಗಿ ಮಾಸ್ತರರಿಗಿ ಶರಣು. ನಮ್ಮ ಮನಿಯವರು ಸೋಮಾರ ಮುಂಜಾನಿ ಲಿಂಗದಾಗ ಕೂಡಿದ್ರು. ಸಂಜೀಕ ಮಣ್ಣು ಆಯ್ತು. ನಿಮಗ ತಿಳೀಲಿ ಅಂತ ಬರದೀನ್ರಿ.’

ಕಾರ್ಡು ಬಂದದ್ದು ಶುಕ್ರವಾರ. ಅಫಜಲಪುರ ಎರಡು ತಾಸಿನ ದಾರಿ. ಒಬ್ಬ ಆಳನ್ನು ಕಳಿಸಿದ್ದರೆ ನಾನು ಮಣ್ಣಿಗೆ ಮುಟ್ಟುತ್ತಿದ್ದೆ. ಎದುರಿನ ಅಂಗಡಿಗೆ ಫೋನ್ ಮಾಡಿದ್ದರೂ ಮುಟ್ಟುತ್ತಿದ್ದೆ. ಅವಳು ಯೋಚಿಸಿ ಕಾರ್ಡು ಹಾಕಿದಳು. ತಮ್ಮಾ ಎಂದು ಬರೆಯಲಿಲ್ಲ. ನಿನ್ನ ಮಾಮಾ ಎಂದೂ ಬರೆಯಲಿಲ್ಲ.

ಹೆಂಡತಿ ಒಳಗಿನಿಂದ ಕೂಗಿದಳು, ‘ಓದಿದ್ರೇನ್ರಿ? ಹರದ ಒಗೀರಿ. ನೀರ ಕಾಸ್ತೇನಿ.’

ಬಚ್ಚಲ ಒಲೆ ಹೊತ್ತಿಕೊಂಡ ಹೊಗೆ ಹೊರಗೆ ಬಂತು. ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮಳೆಯಲ್ಲಿ ನಿಂತೆ. ಹರಿಯಲು ಆಗಲಿಲ್ಲ. ಒಳಗೆ ಒಯ್ದೆ. ಹಳೆಯ ತಂತಿ ಗೋಡೆಯಲ್ಲೇ ಇತ್ತು, ಅದಕ್ಕೆ ಚುಚ್ಚಿದೆ. ಹೆಂಡತಿ ನೋಡಿ ಬಾಯಿಗೆ ಸೆರಗು ಹಿಡಿದಳು. ಎಷ್ಟೋ ದಿನ ಆ ಕೋಣೆಯ ಕಸ ಗುಡಿಸದೆ ಬಿಟ್ಟಳು.

ಮರುದಿನ ಅಫಜಲಪುರಕ್ಕೆ ಹೋದೆ. ಅಕ್ಕ ಬಾಗಿಲಲ್ಲಿ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

‘ಬರ್ರಿ’ ಎಂದಳು. ‘ಕೂಡ್ರಿ.’